ಶಲವಡಿಯ ಹೊಲದಿಂದ ಅಮರಗೋಳದ ಪ್ರಾಂಗಣಕ್ಕೆ: ಗಣಕ ಸೇವೆಗಳ ಸರಪಳಿಯಲ್ಲಿ ಗುಣಮಟ್ಟ

ನವಲಗುಂದ–ಅಣ್ಣಿಗೇರಿ ಸೀಮೆಯ ಎರೆಭೂಮಿಯಲ್ಲಿರುವ ಶಲವಡಿಯ ರೈತರೊಬ್ಬರು ತಮ್ಮ ಹತ್ತಿಯನ್ನು ಟ್ರ್ಯಾಕ್ಟರಿನಲ್ಲಿ ಹೇರಿಕೊಂಡು ಹುಬ್ಬಳ್ಳಿಯ ಅಮರಗೋಳ ಮಾರುಕಟ್ಟೆ ಪ್ರಾಂಗಣಕ್ಕೆ ಬರುತ್ತಾರೆಂದು ಭಾವಿಸೋಣ. ಅವರ ಕಣ್ಣಿಗೆ ಕಾಣುವುದು ಪ್ರವೇಶದ್ವಾರ, ದಲಾಲಿ ಅಂಗಡಿ, ತೂಕದ ಯಂತ್ರ, ಹಮಾಲರು ಮತ್ತು ಕೊನೆಯಲ್ಲಿ ಕೈಸೇರುವ ಲೆಕ್ಕಪಟ್ಟಿ. ಆದರೆ ಆ ಹತ್ತಿಯ ಹಣ ಅವರ ಬ್ಯಾಂಕ್ ಖಾತೆಗೆ ಜಮೆಯಾಗುವಷ್ಟರಲ್ಲಿ, ಅವರಿಗೆ ಕಾಣದ ಹಲವು ಗಣಕಯಂತ್ರ ವ್ಯವಸ್ಥೆಗಳು ಒಂದನ್ನೊಂದು ಪ್ರಶ್ನಿಸಿ ಉತ್ತರ ಪಡೆದಿರುತ್ತವೆ. ಜಮೀನಿನ ದಾಖಲೆ ಒಂದು ಇಲಾಖೆಯದು, ರೈತರ ಗುರುತಿನ ಸಂಖ್ಯೆ ಇನ್ನೊಂದರದು, ಟೆಂಡರಿನ ವೇದಿಕೆ ಮತ್ತೊಂದು ಸಂಸ್ಥೆಯದು. ಹಣ ಪಾವತಿಯ ಜಾಲ ಬ್ಯಾಂಕುಗಳದ್ದು, ತೆರಿಗೆಯ ಜಾಲ ಸರಕು ಮತ್ತು ಸೇವಾ ತೆರಿಗೆಯ ಆಡಳಿತದ್ದು.

ಹೀಗೆ ಬೇರೆ ಬೇರೆ ಊರುಗಳಲ್ಲಿ, ಬೇರೆ ಬೇರೆ ಒಡೆತನದಲ್ಲಿ ನಡೆಯುವ ಸ್ವತಂತ್ರ ತಂತ್ರಾಂಶ ಸೇವೆಗಳು ಸೇರಿ ಒಂದೇ ಕಾರ್ಯವನ್ನು ಪೂರೈಸುವ ಏರ್ಪಾಡಿಗೆ ಸೇವಾಧಾರಿತ ವಿಕೇಂದ್ರಿತ ತಂತ್ರಾಂಶ ವ್ಯವಸ್ಥೆ ಎನ್ನಬಹುದು. ಇಂತಹ ವ್ಯವಸ್ಥೆಯಲ್ಲಿ ಗುಣಮಟ್ಟವೆಂದರೆ ಏನು, ಅದನ್ನು ಎಲ್ಲಿ ಹುಡುಕಬೇಕು ಎಂಬುದು ಕೇವಲ ತಂತ್ರಜ್ಞರ ಪ್ರಶ್ನೆಯಲ್ಲ. ತಮ್ಮ ಅಂಗಡಿಯ ಲೆಕ್ಕಪತ್ರವನ್ನು ಈ ಸರಪಳಿಗೆ ಜೋಡಿಸಿಕೊಂಡಿರುವ ಪ್ರತಿಯೊಬ್ಬ ವರ್ತಕರ ಪ್ರಶ್ನೆಯೂ ಹೌದು. ಈ ಲೇಖನದ ಮುಖ್ಯ ಪ್ರತಿಪಾದನೆ ಇಷ್ಟೇ: ಕೊಂಡಿಗಳು ಒಂದೊಂದೂ ಗಟ್ಟಿಯಾಗಿದ್ದರೆ ಸಾಲದು, ಇಂತಹ ವ್ಯವಸ್ಥೆಗಳ ಗುಣಮಟ್ಟ ನಿರ್ಧಾರವಾಗುವುದು ಕೊಂಡಿಗಳು ಕೂಡುವ ಜಾಗದಲ್ಲಿ.

ಸರಪಳಿ ಬೆಳೆದ ಬಗೆ

ನಮ್ಮ ರಾಜ್ಯದಲ್ಲಿ ಈ ಸರಪಳಿಯ ಮೊದಲ ದೊಡ್ಡ ಕೊಂಡಿ ‘ಭೂಮಿ’ ಯೋಜನೆ. ಈ ಶತಮಾನದ ಆರಂಭದಲ್ಲಿ ಜಾರಿಗೆ ಬಂದ ಈ ಯೋಜನೆಯು ಸುಮಾರು 67 ಲಕ್ಷ ರೈತರಿಗೆ ಸೇರಿದ ಸುಮಾರು 2 ಕೋಟಿ ಪಹಣಿಗಳನ್ನು ಗಣಕೀಕರಿಸಿತು. ಗ್ರಾಮ ಲೆಕ್ಕಾಧಿಕಾರಿಗಳ ಕೈಬರಹದ ಪುಸ್ತಕದಲ್ಲಿದ್ದ ದಾಖಲೆ ತಾಲ್ಲೂಕು ಕೇಂದ್ರದ ಗಣಕಯಂತ್ರಕ್ಕೆ ಬಂದಿತು. ಆ ಕಾಲಕ್ಕೆ ಅದು ತನ್ನಷ್ಟಕ್ಕೆ ತಾನೇ ನಿಲ್ಲುವ ವ್ಯವಸ್ಥೆಯಾಗಿತ್ತು. ಪಹಣಿ ಸರಿಯಾಗಿ ಮುದ್ರಣವಾದರೆ ಅದರ ಗುಣಮಟ್ಟ ಸರಿ ಎಂದು ಹೇಳಬಹುದಿತ್ತು.

ಅನಂತರ ಒಂದೊಂದಾಗಿ ಇತರ ಕೊಂಡಿಗಳು ಸೇರಿದವು. ಉಪನೋಂದಣಿ ಕಚೇರಿಗಳ ‘ಕಾವೇರಿ’ ತಂತ್ರಾಂಶವು ‘ಭೂಮಿ’ಯೊಂದಿಗೆ ಜೋಡಣೆಯಾಯಿತು. ರಾಜ್ಯ ಸರ್ಕಾರ ಮತ್ತು ಎನ್‌ಸಿಡಿಇಎಕ್ಸ್ ಸಮೂಹದ ಸಂಸ್ಥೆಯ ಜಂಟಿ ಸಹಭಾಗಿತ್ವದಲ್ಲಿ ರಾಷ್ಟ್ರೀಯ ಇ-ಮಾರುಕಟ್ಟೆ ಸೇವಾ ಸಂಸ್ಥೆಯು 2014ರಲ್ಲಿ ಏಕೀಕೃತ ಮಾರುಕಟ್ಟೆ ವೇದಿಕೆಯನ್ನು ಆರಂಭಿಸಿತು. ಕೇಂದ್ರ ಸರ್ಕಾರದ ‘ಇ-ನಾಮ್’ ವೇದಿಕೆ 14 ಏಪ್ರಿಲ್ 2016ರಂದು ಉದ್ಘಾಟನೆಗೊಂಡಿತು. ಅದೇ ವರ್ಷ ಯುಪಿಐ ಬಳಕೆಗೆ ಬಂದಿತು. 1 ಜುಲೈ 2017ರಿಂದ ಸರಕು ಮತ್ತು ಸೇವಾ ತೆರಿಗೆ, 2018ರಿಂದ ಇ-ವೇ ಬಿಲ್, 1 ಅಕ್ಟೋಬರ್ 2020ರಿಂದ ಇ-ಇನ್‌ವಾಯ್ಸ್ ಬಂದವು. ಆರಂಭದಲ್ಲಿ 500 ಕೋಟಿ ರೂಪಾಯಿಗಿಂತ ಹೆಚ್ಚು ವಹಿವಾಟಿನ ಸಂಸ್ಥೆಗಳಿಗೆ ಮಾತ್ರ ಇದ್ದ ಇ-ಇನ್‌ವಾಯ್ಸ್ 1 ಆಗಸ್ಟ್ 2023ರಿಂದ 5 ಕೋಟಿ ರೂಪಾಯಿ ಮೀರಿದ ವಹಿವಾಟಿಗೂ ಅನ್ವಯವಾಯಿತು. ಇದರೊಂದಿಗೆ ರಾಜ್ಯದ ‘ಫ್ರೂಟ್ಸ್’ ತಂತ್ರಾಂಶವು ರೈತರಿಗೆ ಎಫ್‌ಐಡಿ ಎಂಬ ಗುರುತಿನ ಸಂಖ್ಯೆ ನೀಡಿ, ‘ಭೂಮಿ’ಯ ಜಮೀನಿನ ವಿವರವನ್ನು ಇತರ ಇಲಾಖೆಗಳ ಯೋಜನೆಗಳಿಗೆ ಜೋಡಿಸಿತು.

ಒಂದು ಸರಳ ಗುಣಾಕಾರ

ಐದು ಸೇವೆಗಳು ಸೇರಿ ಒಂದು ಕೆಲಸ ಪೂರೈಸುತ್ತವೆ ಎಂದಿಟ್ಟುಕೊಳ್ಳೋಣ. ಪ್ರತಿಯೊಂದೂ ಶೇಕಡ 99ರಷ್ಟು ಸಮಯ ಸರಿಯಾಗಿ ಕೆಲಸ ಮಾಡುತ್ತದೆ. ಕೇಳಲು ಇದು ಉತ್ತಮ ಅಂಕ. ತಿಂಗಳ 720 ಗಂಟೆಗಳಲ್ಲಿ ಒಂದೊಂದು ಸೇವೆಯೂ ನಿಲ್ಲುವುದು ಸುಮಾರು 7 ಗಂಟೆ ಮಾತ್ರ. ಆದರೆ ಐದೂ ಏಕಕಾಲಕ್ಕೆ ನಡೆದರೆ ಮಾತ್ರ ಕೆಲಸವಾಗುವುದಾದರೆ, ಮತ್ತು ಒಂದರ ತೊಂದರೆಗೂ ಇನ್ನೊಂದರ ತೊಂದರೆಗೂ ಸಂಬಂಧವಿಲ್ಲದಿದ್ದರೆ, ಐದು ಬಾರಿ ಗುಣಿಸಿದಾಗ ದೊರೆಯುವುದು ಶೇಕಡ 95 ಮಾತ್ರ. ಅಂದರೆ ತಿಂಗಳಿಗೆ ಸುಮಾರು 35 ಗಂಟೆ ನಮ್ಮ ಕೆಲಸ ನಿಲ್ಲುತ್ತದೆ. ಯಾವ ಸಂಸ್ಥೆಯೂ ತಪ್ಪು ಮಾಡಿರುವುದಿಲ್ಲ. ಆದರೂ ಪ್ರಾಂಗಣದಲ್ಲಿ ಕಾದು ನಿಂತ ರೈತರಿಗೆ ಕಾಣುವುದು ‘ಸರ್ವರ್ ಇಲ್ಲ’ ಎಂಬ ಮಾತು.

ಆದುದರಿಂದ ವಿನ್ಯಾಸದ ಮೊದಲ ಪಾಠವೆಂದರೆ, ಆ ಕ್ಷಣದಲ್ಲಿ ನಿಜವಾಗಿ ಅಗತ್ಯವಿರುವ ಸೇವೆಯನ್ನು ಮಾತ್ರ ಆ ಕ್ಷಣದಲ್ಲಿ ಕೇಳಬೇಕು. ಪ್ರವೇಶದ್ವಾರದಲ್ಲಿ ಲಾಟ್ ಸಂಖ್ಯೆ ನೀಡಲು ತೆರಿಗೆ ಜಾಲದ ಉತ್ತರ ಬೇಕಿಲ್ಲ, ಬ್ಯಾಂಕಿನ ಉತ್ತರವೂ ಬೇಕಿಲ್ಲ. ಅಲ್ಲಿ ವಿವರವನ್ನು ಸ್ಥಳೀಯವಾಗಿ ಬರೆದುಕೊಂಡು, ಉಳಿದುದನ್ನು ಸರದಿಯಲ್ಲಿಟ್ಟು, ಸಂಪರ್ಕ ದೊರೆತಾಗ ಕಳುಹಿಸುವಂತೆ ತಂತ್ರಾಂಶವನ್ನು ರಚಿಸಬಹುದು. ಹಾಗೆ ರಚಿಸಿದರೆ ಒಂದು ಸೇವೆಯ ತೊಂದರೆ ಇನ್ನೊಂದರ ಬಾಗಿಲನ್ನು ಮುಚ್ಚುವುದಿಲ್ಲ.

ಅರ್ಥದ ಒಪ್ಪಂದ: ಎಕರೆ ಮತ್ತು ಗುಂಟೆ

ಎರಡು ತಂತ್ರಾಂಶಗಳು ಪರಸ್ಪರ ಮಾತನಾಡುವ ಸಂಪರ್ಕದ್ವಾರವನ್ನು ತಂತ್ರಜ್ಞರು ಎಪಿಐ ಎಂದು ಕರೆಯುತ್ತಾರೆ. ಯಾವ ಮಾಹಿತಿ, ಯಾವ ರೂಪದಲ್ಲಿ, ಯಾವ ಅರ್ಥದಲ್ಲಿ ಬರುತ್ತದೆ ಎಂಬುದು ಎರಡೂ ಕಡೆಯವರ ನಡುವಿನ ಕರಾರು. ಕರಾರಿನಲ್ಲಿ ರೂಪವನ್ನಷ್ಟೇ ಬರೆದು ಅರ್ಥವನ್ನು ಬಿಟ್ಟರೆ ಏನಾಗಬಹುದೆಂಬುದಕ್ಕೆ ನಮ್ಮ ಪಹಣಿಯೇ ಉದಾಹರಣೆ.

ಪಹಣಿಯಲ್ಲಿ 2.20 ಎಂದಿದ್ದರೆ ಅದರ ಅರ್ಥ 2 ಎಕರೆ 20 ಗುಂಟೆ. 40 ಗುಂಟೆಗೆ ಒಂದು ಎಕರೆಯಾದ್ದರಿಂದ ಅದು ಎರಡೂವರೆ ಎಕರೆ. ಇದೇ ಅಂಕಿಯನ್ನು ಸ್ವೀಕರಿಸುವ ತಂತ್ರಾಂಶವು ಸಾಮಾನ್ಯ ದಶಮಾಂಶವೆಂದು ಓದಿದರೆ ಅದು 2.2 ಎಕರೆಯಾಗುತ್ತದೆ. ಹನ್ನೆರಡು ಗುಂಟೆ ಜಮೀನು ಎಲ್ಲಿಯೂ ಮಾರಾಟವಾಗದೆ, ಯಾರೂ ಒತ್ತುವರಿ ಮಾಡದೆ, ಕೇವಲ ಓದುವ ರೀತಿಯಲ್ಲಿ ಮಾಯವಾಗುತ್ತದೆ. ವಿಮೆಯಾಗಲಿ, ಬೆಳೆ ಪರಿಹಾರವಾಗಲಿ, ಬೆಂಬಲ ಬೆಲೆಯ ಖರೀದಿಯ ಮಿತಿಯಾಗಲಿ ವಿಸ್ತೀರ್ಣದ ಮೇಲೆ ನಿಂತಿರುವಾಗ ಈ ವ್ಯತ್ಯಾಸದ ನಷ್ಟ ತಲುಪುವುದು ರೈತರ ಮನೆಗೆ. ಕಳುಹಿಸಿದ ತಂತ್ರಾಂಶವನ್ನು ಪರೀಕ್ಷಿಸಿದರೆ ಅದು ಸರಿ. ಸ್ವೀಕರಿಸಿದ ತಂತ್ರಾಂಶವನ್ನು ಪರೀಕ್ಷಿಸಿದರೆ ಅದೂ ಸರಿ. ದೋಷವಿರುವುದು ಎರಡರ ನಡುವೆ.

ಸರ್ವೆ ನಂಬರು ಮತ್ತು ಹಿಸ್ಸಾ, ಕ್ವಿಂಟಲ್ ಮತ್ತು ಚೀಲ, ಕನ್ನಡದಲ್ಲಿ ಬರೆದ ಹೆಸರು ಮತ್ತು ಬ್ಯಾಂಕಿನ ಪುಸ್ತಕದಲ್ಲಿ ಇಂಗ್ಲಿಷಿನಲ್ಲಿ ಬರೆದ ಅದೇ ಹೆಸರು, ಇವೆಲ್ಲವೂ ಇದೇ ಜಾತಿಯ ತೊಡಕುಗಳು. ಆದುದರಿಂದ ಪ್ರತಿಯೊಂದು ಅಂಕಿಯ ಜೊತೆಗೆ ಅದರ ಅಳತೆಯನ್ನೂ ಕಳುಹಿಸಬೇಕು. ವ್ಯಕ್ತಿಯನ್ನು ಹೆಸರಿನಿಂದಲ್ಲ, ಗುರುತಿನ ಸಂಖ್ಯೆಯಿಂದ ಹೊಂದಿಸಬೇಕು. ಎರಡೂ ಕಡೆಯವರು ಸೇರಿ ತಯಾರಿಸಿದ ಮಾದರಿ ದಾಖಲೆಗಳ ಮೇಲೆ, ಒಂದು ಕಡೆಯ ತಂತ್ರಾಂಶ ಬದಲಾದಾಗಲೆಲ್ಲ ಪರೀಕ್ಷೆ ನಡೆಯಬೇಕು. ಇದಕ್ಕೆ ಕರಾರು ಪರೀಕ್ಷೆ ಎನ್ನುತ್ತಾರೆ.

ಮೌನಕ್ಕೆ ಅರ್ಥವೇನು?

ನಾವು ಹಣ ಕಳುಹಿಸಿದೆವು; ಉತ್ತರ ಬರಲಿಲ್ಲ. ಇದರ ಅರ್ಥ ಹಣ ಹೋಗಲಿಲ್ಲವೆಂದೇ? ಇಲ್ಲ. ವಿಕೇಂದ್ರಿತ ವ್ಯವಸ್ಥೆಯಲ್ಲಿ ಮೌನಕ್ಕೆ ಮೂರು ಅರ್ಥಗಳಿವೆ. ನಮ್ಮ ಸಂದೇಶ ತಲುಪಿಲ್ಲದಿರಬಹುದು. ತಲುಪಿ, ಕೆಲಸ ಇನ್ನೂ ನಡೆಯುತ್ತಿರಬಹುದು. ಅಥವಾ ಕೆಲಸ ಮುಗಿದು ಉತ್ತರ ಮಾತ್ರ ದಾರಿಯಲ್ಲಿ ಕಳೆದಿರಬಹುದು. ಮೂರನೆಯ ಸಂದರ್ಭದಲ್ಲಿ ಮತ್ತೆ ಕಳುಹಿಸಿದರೆ ಎರಡು ಬಾರಿ ಪಾವತಿಯಾಗುತ್ತದೆ. ಮೊದಲನೆಯ ಸಂದರ್ಭದಲ್ಲಿ ಕಳುಹಿಸದೆ ಕುಳಿತರೆ ರೈತರಿಗೆ ಹಣವೇ ಸೇರುವುದಿಲ್ಲ.

ಈ ಸಮಸ್ಯೆ ಗಣಕಯಂತ್ರದೊಂದಿಗೆ ಹುಟ್ಟಿದ್ದಲ್ಲ. ನಮ್ಮ ಹಿರಿಯ ವರ್ತಕರು ಹುಂಡಿಯ ವ್ಯವಹಾರದಲ್ಲಿ ಇದಕ್ಕೆ ಪರಿಹಾರ ಕಂಡುಕೊಂಡಿದ್ದರು. ಮೂಲ ಹುಂಡಿ ದಾರಿಯಲ್ಲಿ ಕಳೆದರೆ ‘ಪೇಠ’ ಎಂಬ ಎರಡನೆಯ ಪ್ರತಿ, ಅದೂ ಕಳೆದರೆ ‘ಪರಪೇಠ’ ಎಂಬ ಮೂರನೆಯ ಪ್ರತಿ ಬರೆದುಕೊಡುವ ಪದ್ಧತಿಯಿತ್ತು. ಯಾವುದಾದರೂ ಒಂದು ಪ್ರತಿಗೆ ಹಣ ಸಂದಾಯವಾದರೆ ಉಳಿದವುಗಳಿಗೆ ಬೆಲೆಯಿಲ್ಲ. ಎಷ್ಟು ಬಾರಿ ಕೇಳಿದರೂ ಒಮ್ಮೆ ಮಾತ್ರ ಸಂದಾಯ. ಇಂದಿನ ತಂತ್ರಾಂಶ ವಿನ್ಯಾಸದ ಅತಿಮುಖ್ಯ ನಿಯಮಗಳಲ್ಲಿ ಒಂದು ಇದೇ ಆಗಿದೆ: ಒಂದೇ ಕೋರಿಕೆ ಎರಡು ಬಾರಿ ಬಂದರೂ ಪರಿಣಾಮ ಒಂದೇ ಬಾರಿ ಆಗಬೇಕು.

ಇ-ಇನ್‌ವಾಯ್ಸ್ ವ್ಯವಸ್ಥೆಯಲ್ಲಿ ಈ ನಿಯಮದ ಉತ್ತಮ ಬಳಕೆಯನ್ನು ಕಾಣಬಹುದು. ಮಾರಾಟಗಾರರ ಜಿಎಸ್‌ಟಿ ಸಂಖ್ಯೆ, ಆರ್ಥಿಕ ವರ್ಷ, ದಾಖಲೆಯ ಬಗೆ ಮತ್ತು ದಾಖಲೆಯ ಸಂಖ್ಯೆ, ಈ ನಾಲ್ಕರಿಂದ 64 ಅಕ್ಷರಗಳ ಐಆರ್‌ಎನ್ ಸಿದ್ಧವಾಗುತ್ತದೆ. ಅದೇ ಬಿಲ್ಲನ್ನು ಮತ್ತೊಮ್ಮೆ ಕಳುಹಿಸಿದರೆ ಅದೇ ಸಂಖ್ಯೆ ಬರಬೇಕಾದ್ದರಿಂದ ವ್ಯವಸ್ಥೆಯು ಎರಡನೆಯದನ್ನು ನಕಲು ಎಂದು ಗುರುತಿಸಿ ತಿರಸ್ಕರಿಸುತ್ತದೆ. ನಮ್ಮ ಅಂಗಡಿಯ ತಂತ್ರಾಂಶವೂ ಪ್ರತಿಯೊಂದು ಪಾವತಿಗೆ ಇಂತಹ ಒಂದು ಸ್ವಂತ ಸಂಖ್ಯೆ ನೀಡಬೇಕು. ಮರುಪ್ರಯತ್ನದಲ್ಲಿ ಹೊಸ ಸಂಖ್ಯೆ ಸೃಷ್ಟಿಸದೆ ಹಳೆಯದನ್ನೇ ಬಳಸಬೇಕು.

ಹಣ ಕಡಿತವಾಗಿ ಜಮೆಯಾಗದ ಸಂದರ್ಭಗಳಿಗೆ ಭಾರತೀಯ ರಿಸರ್ವ್ ಬ್ಯಾಂಕು 20 ಸೆಪ್ಟೆಂಬರ್ 2019ರ ಸುತ್ತೋಲೆಯಲ್ಲಿ ಕಾಲಮಿತಿ ಗೊತ್ತುಪಡಿಸಿತು. ಯುಪಿಐ ಮೂಲಕ ಒಬ್ಬರಿಂದ ಇನ್ನೊಬ್ಬರಿಗೆ ಹಣ ವರ್ಗಾವಣೆಯಲ್ಲಿ ಹೀಗಾದರೆ ವ್ಯವಹಾರದ ಮರುದಿನದೊಳಗೆ, ವರ್ತಕರಿಗೆ ಮಾಡಿದ ಪಾವತಿಯಲ್ಲಾದರೆ ಐದು ದಿನಗಳೊಳಗೆ ಹಣ ತಾನಾಗಿ ಹಿಂತಿರುಗಬೇಕು. ತಪ್ಪಿದರೆ ಗ್ರಾಹಕರಿಗೆ ದಿನಕ್ಕೆ 100 ರೂಪಾಯಿ ಪರಿಹಾರ ಸಲ್ಲಬೇಕು. ಮೌನವನ್ನು ಅನಿರ್ದಿಷ್ಟವಾಗಿ ಬಿಡದೆ ಅದಕ್ಕೊಂದು ಗಡುವು ಮತ್ತು ಒಂದು ಹೊಣೆ ಕಟ್ಟಿದ್ದು ಈ ಸುತ್ತೋಲೆಯ ವೈಶಿಷ್ಟ್ಯ. ಇದು ಕೂಡ ಗುಣಮಟ್ಟದ ವಿನ್ಯಾಸವೇ.

ಜನದಟ್ಟಣೆಯ ಎರಡು ಪಾಠಗಳು

1 ಫೆಬ್ರವರಿ 2018ರಂದು ಅಂತರರಾಜ್ಯ ಸರಕು ಸಾಗಣೆಗೆ ಇ-ವೇ ಬಿಲ್ ಕಡ್ಡಾಯವಾಗಬೇಕಿತ್ತು. ಅದಕ್ಕೆ ಮೊದಲೇ, ಸೆಪ್ಟೆಂಬರ್ 2017ರಲ್ಲಿ, ಕರ್ನಾಟಕವು ಪ್ರಾಯೋಗಿಕವಾಗಿ ಇದನ್ನು ಆರಂಭಿಸಿತ್ತು. ವ್ಯಾಟ್ ಕಾಲದ ‘ಇ-ಸುಗಮ್’ ವ್ಯವಸ್ಥೆಯ ಅನುಭವವೂ ನಮ್ಮ ವರ್ತಕರಿಗಿತ್ತು. ಆದರೆ ದೇಶದ ಎಲ್ಲೆಡೆಯಿಂದ ಒಮ್ಮೆಲೇ ಕೋರಿಕೆಗಳು ಬಂದ ಮೊದಲ ದಿನವೇ ಪೋರ್ಟಲ್‌ನಲ್ಲಿ ತಾಂತ್ರಿಕ ತೊಂದರೆ ಕಾಣಿಸಿಕೊಂಡು, ಕಡ್ಡಾಯವನ್ನು ಮುಂದೂಡಬೇಕಾಯಿತು. ಅನಂತರ ದಿನಕ್ಕೆ 75 ಲಕ್ಷ ಬಿಲ್ಲುಗಳನ್ನು ನಿಭಾಯಿಸುವಂತೆ ವ್ಯವಸ್ಥೆಯನ್ನು ಬಲಪಡಿಸಿ 1 ಏಪ್ರಿಲ್ 2018ರಿಂದ ಮತ್ತೆ ಜಾರಿಗೆ ತರಲಾಯಿತು. ರಾಜ್ಯದೊಳಗಿನ ಸಾಗಣೆಗೂ ಅಂದೇ ಅದನ್ನು ಅನ್ವಯಿಸಿದ ರಾಜ್ಯ ಕರ್ನಾಟಕ ಮಾತ್ರ. ಇತರ ರಾಜ್ಯಗಳು ಹಂತಹಂತವಾಗಿ ಸೇರಿದವು. ಎಲ್ಲರನ್ನೂ ಒಂದೇ ದಿನ ಒಳಗೆ ಬಿಡದೆ ತಂಡತಂಡವಾಗಿ ಬಿಡುವುದೂ ಗುಣಮಟ್ಟದ ಒಂದು ಕ್ರಮವೆಂಬುದು ಇಲ್ಲಿ ಸಿದ್ಧವಾಯಿತು.

ಎರಡನೆಯ ಪಾಠ ಇನ್ನೂ ಸೂಕ್ಷ್ಮವಾದುದು. 12 ಏಪ್ರಿಲ್ 2025ರಂದು ಯುಪಿಐ ಸೇವೆ ದೇಶದಾದ್ಯಂತ ಅಸ್ತವ್ಯಸ್ತವಾಯಿತು. ವ್ಯವಹಾರದ ಸ್ಥಿತಿಯೇನೆಂದು ಕೇಳುವ ವಿಚಾರಣೆಗಳು ಬ್ಯಾಂಕುಗಳಿಂದ ಪ್ರವಾಹದಂತೆ ಬಂದದ್ದು ಅದಕ್ಕೆ ಕಾರಣವೆಂದು ರಾಷ್ಟ್ರೀಯ ಪಾವತಿ ನಿಗಮದ ಪರಿಶೀಲನೆಯಲ್ಲಿ ಕಂಡುಬಂದಿತು. ‘ನನ್ನ ಹಣ ಏನಾಯಿತು’ ಎಂಬ ಪ್ರಶ್ನೆಯೇ ವ್ಯವಸ್ಥೆಗೆ ಹೊರೆಯಾಯಿತು. ಉತ್ತರ ತಡವಾದಷ್ಟೂ ಪ್ರಶ್ನೆಗಳು ಹೆಚ್ಚುತ್ತವೆ, ಪ್ರಶ್ನೆಗಳು ಹೆಚ್ಚಿದಷ್ಟೂ ಉತ್ತರ ತಡವಾಗುತ್ತದೆ. ಅನಂತರ ನಿಗಮವು ವಿಚಾರಣೆಗಳಿಗೆ ಮಿತಿ ಹೇರಿತು. ವ್ಯವಹಾರದ ನಂತರ 90 ಸೆಕೆಂಡು ಕಾದು ಮೊದಲ ವಿಚಾರಣೆ, ಎರಡು ಗಂಟೆಗಳಲ್ಲಿ ಹೆಚ್ಚೆಂದರೆ ಮೂರು ವಿಚಾರಣೆ ಎಂಬಂತಹ ನಿಯಮಗಳು ಬಂದವು. ಆಗಸ್ಟ್ 2025ರಿಂದ ಒಂದು ಆ್ಯಪ್‌ನಲ್ಲಿ ದಿನಕ್ಕೆ 50 ಬಾರಿ ಮಾತ್ರ ಖಾತೆಯ ಶಿಲ್ಕು ನೋಡಲು ಅವಕಾಶವೆಂಬ ಮಿತಿಯೂ ಜಾರಿಗೆ ಬಂದಿತು.

ಇದರಿಂದ ನಮ್ಮ ಸಣ್ಣ ತಂತ್ರಾಂಶಗಳೂ ಕಲಿಯಬೇಕಾದುದಿದೆ. ಇ-ಟೆಂಡರಿನ ದರ ನಮೂದಿಸುವ ಅವಧಿ ಮುಗಿಯುವ ಕೊನೆಯ ನಿಮಿಷಗಳಲ್ಲಿ ಎಲ್ಲ ಖರೀದಿದಾರರೂ ಒಟ್ಟಿಗೆ ಗುಂಡಿ ಒತ್ತುತ್ತಾರೆ. ಉತ್ತರ ಬಾರದಿದ್ದರೆ ಮತ್ತೆ ಮತ್ತೆ ಒತ್ತುತ್ತಾರೆ. ಮರುಪ್ರಯತ್ನಗಳ ನಡುವಿನ ಅಂತರವನ್ನು ಪ್ರತಿ ಬಾರಿಯೂ ಹೆಚ್ಚಿಸುತ್ತ ಹೋಗುವುದು, ಅವುಗಳಿಗೆ ಒಂದು ಸಂಖ್ಯೆಯ ಮಿತಿ ಇಡುವುದು, ಸರ್ವರ್ ನಿಂತರೆ ಅವಧಿಯನ್ನು ಎಲ್ಲರಿಗೂ ಸಮಾನವಾಗಿ ವಿಸ್ತರಿಸುವ ನಿಯಮವನ್ನು ಮೊದಲೇ ಬರೆದಿಡುವುದು, ಇವು ಮೂರೂ ಅಗತ್ಯ. ಕೊನೆಯದು ತಂತ್ರಜ್ಞಾನವಲ್ಲ, ನ್ಯಾಯ. ಒಬ್ಬ ಖರೀದಿದಾರರ ದರ ತಲುಪದೆ ಹೋದರೆ ಕಡಿಮೆಯಾಗುವುದು ರೈತರ ಬೆಲೆ.

ಒಂದು ನಿಂತರೆ ಇನ್ನೊಂದು

ಸೇವೆಗಳು ನಿಲ್ಲುವುದೇ ಇಲ್ಲವೆಂಬ ಭರವಸೆಯನ್ನು ಯಾರೂ ನೀಡಲಾರರು. ನಿಂತಾಗ ಏನು ಮಾಡಬೇಕೆಂಬುದನ್ನು ಮಾತ್ರ ಮೊದಲೇ ನಿರ್ಧರಿಸಬಹುದು. ಇ-ವೇ ಬಿಲ್‌ಗೆ 1 ಜುಲೈ 2025ರಿಂದ ಎರಡನೆಯ ಪೋರ್ಟಲ್ ಆರಂಭವಾಯಿತು. ಎರಡೂ ಪೋರ್ಟಲ್‌ಗಳ ಮಾಹಿತಿ ಕ್ಷಣಗಳಲ್ಲಿ ಪರಸ್ಪರ ಹೊಂದಿಕೆಯಾಗುವುದರಿಂದ ಒಂದು ಕಡೆ ಸೃಷ್ಟಿಸಿದ ಬಿಲ್ಲನ್ನು ಇನ್ನೊಂದು ಕಡೆ ಬಳಸಬಹುದು. ಲಾರಿ ರಸ್ತೆಯಲ್ಲಿರುವಾಗ ಒಂದು ಪೋರ್ಟಲ್ ನಿಂತರೂ ಸಾಗಣೆ ನಿಲ್ಲಬಾರದೆಂಬ ಉದ್ದೇಶ ಇದರದು.

ಬೇರೆ ಬೇರೆ ವೇದಿಕೆಗಳನ್ನು ಕೂಡಿಸುವ ಪ್ರಯತ್ನದಲ್ಲಿ ನಮ್ಮ ಹುಬ್ಬಳ್ಳಿಗೆ ಒಂದು ವಿಶೇಷ ಸ್ಥಾನವಿದೆ. 1 ಮೇ 2020ರಂದು ‘ಇ-ನಾಮ್’ ಮತ್ತು ಕರ್ನಾಟಕದ ಏಕೀಕೃತ ಮಾರುಕಟ್ಟೆ ವೇದಿಕೆಗಳ ನಡುವೆ ಪರಸ್ಪರ ವ್ಯವಹಾರಕ್ಕೆ ಚಾಲನೆ ದೊರೆತಾಗ, ಕರ್ನೂಲು ಮತ್ತು ಹುಬ್ಬಳ್ಳಿ ಮಾರುಕಟ್ಟೆಗಳಲ್ಲಿ ಶೇಂಗಾ ಹಾಗೂ ಮೆಕ್ಕೆಜೋಳದ ವಹಿವಾಟು ನಡೆಯಿತು. ಒಂದೇ ಪ್ರವೇಶ ಗುರುತಿನಿಂದ ಎರಡೂ ವೇದಿಕೆಗಳಲ್ಲಿ ವ್ಯವಹರಿಸುವ ಏರ್ಪಾಡು ಅದು. ಅವುಗಳನ್ನು ಕೂಡಿಸುವುದೆಂದರೆ ತಂತಿ ಜೋಡಿಸಿದಂತಲ್ಲ. ತೇವಾಂಶದ ಪ್ರಮಾಣ, ದರ್ಜೆಯ ಹೆಸರು, ತೂಕದ ಅಳತೆ, ವಿವಾದವನ್ನು ಬಗೆಹರಿಸುವ ಸ್ಥಳ, ಇವೆಲ್ಲವೂ ಎರಡೂ ಕಡೆ ಒಂದೇ ಅರ್ಥ ಪಡೆದರೆ ಮಾತ್ರ ಕರ್ನೂಲಿನ ಖರೀದಿದಾರರು ಹುಬ್ಬಳ್ಳಿಯ ರಾಶಿಯನ್ನು ಕಣ್ಣಾರೆ ನೋಡದೆ ನಂಬಿಯಾರು.

ತಾಳೆ ನೋಡುವ ಪದ್ಧತಿ

ಎಷ್ಟೇ ಎಚ್ಚರ ವಹಿಸಿದರೂ ಎರಡು ಪುಸ್ತಕಗಳ ನಡುವೆ ವ್ಯತ್ಯಾಸ ಬಂದೇ ಬರುತ್ತದೆ. ಅಂಗಡಿ ಮುಚ್ಚುವ ಮುನ್ನ ರೋಜು ಕಿರ್ದಿಯನ್ನು ನಗದಿನೊಂದಿಗೆ ತಾಳೆ ನೋಡುವ ರೂಢಿ ನಮ್ಮದು. ಗಣಕ ಸೇವೆಗಳಿಗೂ ಇದೇ ಪದ್ಧತಿ ಬೇಕು. ಟೆಂಡರ್ ವೇದಿಕೆಯ ಪ್ರಕಾರ ಮಾರಾಟವಾದ ಲಾಟ್‌ಗಳು, ತೂಕದ ಚೀಟಿಗಳು, ಬ್ಯಾಂಕಿನಿಂದ ಹೋದ ಪಾವತಿಗಳು, ಸಲ್ಲಿಸಿದ ಬಿಲ್ಲುಗಳು, ಈ ನಾಲ್ಕರ ಪಟ್ಟಿಯನ್ನು ತಂತ್ರಾಂಶವೇ ಪ್ರತಿದಿನ ಹೋಲಿಸಿ, ಹೊಂದದ ಸಾಲುಗಳನ್ನು ಒಬ್ಬ ಗೊತ್ತಾದ ಗುಮಾಸ್ತರ ಮೇಜಿಗೆ ತರಬೇಕು. ಪ್ರವೇಶದ್ವಾರದಲ್ಲಿ ನೀಡಿದ ಒಂದೇ ಸಂಖ್ಯೆಯು ಕೊನೆಯ ಪಾವತಿಯವರೆಗೂ ಎಲ್ಲ ದಾಖಲೆಗಳಲ್ಲಿ ಜೊತೆಯಲ್ಲಿ ಸಾಗಿದರೆ, ಹಣ ಎಲ್ಲಿ ನಿಂತಿದೆ ಎಂಬುದನ್ನು ಐದು ನಿಮಿಷಗಳಲ್ಲಿ ಹೇಳಬಹುದು. ಆ ಸಂಖ್ಯೆ ಇಲ್ಲದಿದ್ದರೆ ಪ್ರತಿ ಕಚೇರಿಯೂ ‘ನಮ್ಮಲ್ಲಿ ಸರಿಯಾಗಿದೆ’ ಎಂದೇ ಹೇಳುತ್ತದೆ. ಅದು ಸುಳ್ಳೂ ಆಗಿರುವುದಿಲ್ಲ.

ತಂತ್ರಾಂಶ ಕೊಳ್ಳುವ ಮುನ್ನ

ನಮ್ಮ ಸದಸ್ಯರಲ್ಲಿ ಅನೇಕರು ಲೆಕ್ಕಪತ್ರ, ದಾಸ್ತಾನು ಮತ್ತು ಪಾವತಿಗೆ ತಂತ್ರಾಂಶ ಬರೆಸಿಕೊಳ್ಳುತ್ತಾರೆ. ಪರದೆ ಚೆಂದವಾಗಿದೆಯೇ, ಬೆಲೆ ಎಷ್ಟು ಎಂಬುದರ ಜೊತೆಗೆ ತಯಾರಕರನ್ನು ಈ ಕೆಳಗಿನ ಪ್ರಶ್ನೆಗಳನ್ನೂ ಕೇಳುವುದು ಒಳಿತು.

1. ನಿಮ್ಮ ತಂತ್ರಾಂಶ ಹೊರಗಿನ ಯಾವ ಯಾವ ಸೇವೆಗಳನ್ನು ಅವಲಂಬಿಸಿದೆ? ಅವುಗಳಲ್ಲಿ ಒಂದೊಂದೂ ನಿಂತಾಗ ನನ್ನ ಅಂಗಡಿಯಲ್ಲಿ ಯಾವ ಕೆಲಸ ನಡೆಯುತ್ತದೆ, ಯಾವುದು ನಿಲ್ಲುತ್ತದೆ?

2. ಪಾವತಿಯ ಗುಂಡಿಯನ್ನು ಎರಡು ಬಾರಿ ಒತ್ತಿದರೆ ಏನಾಗುತ್ತದೆ? ಮಾಡಿ ತೋರಿಸುವಿರಾ?

3. ಉತ್ತರಕ್ಕಾಗಿ ಎಷ್ಟು ಹೊತ್ತು ಕಾಯುತ್ತದೆ, ಎಷ್ಟು ಬಾರಿ ಮರುಪ್ರಯತ್ನಿಸುತ್ತದೆ, ಅನಂತರ ಯಾರಿಗೆ ತಿಳಿಸುತ್ತದೆ?

4. ಸರ್ಕಾರಿ ಪೋರ್ಟಲ್ ತನ್ನ ನಮೂನೆಯನ್ನು ಬದಲಾಯಿಸಿದರೆ ಎಷ್ಟು ದಿನಗಳಲ್ಲಿ ಹೊಂದಿಸಿಕೊಡುವಿರಿ? ಇದು ಕರಾರಿನಲ್ಲಿ ಬರೆದಿದೆಯೇ?

5. ಸುಗ್ಗಿಯ ದಿನದ ದಟ್ಟಣೆಯಷ್ಟು ದಾಖಲೆಗಳನ್ನು ಹಾಕಿ ಪರೀಕ್ಷಿಸಿರುವಿರಾ? ಪರೀಕ್ಷೆಯ ಸಮಯದಲ್ಲಿ ಸಂಪರ್ಕವನ್ನು ಬೇಕೆಂದೇ ಕಡಿದು ನೋಡಿರುವಿರಾ?

6. ದಿನದ ಕೊನೆಯಲ್ಲಿ ತಾಳೆಯಾಗದ ವ್ಯವಹಾರಗಳ ಪಟ್ಟಿ ದೊರೆಯುತ್ತದೆಯೇ?

ತಂತ್ರಾಂಶ ಗುಣಮಟ್ಟದ ಅಂತರರಾಷ್ಟ್ರೀಯ ಮಾನಕವಾದ ಐಎಸ್‌ಒ/ಐಇಸಿ 25010, ತನ್ನ 2023ರ ಆವೃತ್ತಿಯಲ್ಲಿ ಒಂಬತ್ತು ಗುಣಲಕ್ಷಣಗಳನ್ನು ಹೇಳುತ್ತದೆ. ವಿಶ್ವಾಸಾರ್ಹತೆ, ಹೊಂದಾಣಿಕೆ, ಭದ್ರತೆ ಅವುಗಳಲ್ಲಿ ಸೇರಿವೆ. ಮೇಲಿನ ಆರು ಪ್ರಶ್ನೆಗಳು ಅವುಗಳ ಪೈಕಿ ನಮ್ಮ ವ್ಯಾಪಾರಕ್ಕೆ ನೇರವಾಗಿ ತಾಗುವ ಭಾಗವನ್ನು ಅಂಗಡಿಯ ಮಾತಿನಲ್ಲಿ ಕೇಳುತ್ತವೆ.

ಕೊನೆಯ ಮಾತು

ಶಲವಡಿಯಿಂದ ಬಂದ ರೈತರ ಬಳಿಗೆ ಮತ್ತೆ ಹೋಗೋಣ. ಸಹಕಾರ ಸಂಘದಿಂದ ಶೂನ್ಯ ಬಡ್ಡಿಯ ಬೆಳೆ ಸಾಲ ಪಡೆದವರಿಗೆ ಆ ರಿಯಾಯಿತಿ ಉಳಿಯುವುದು ಗಡುವಿನೊಳಗೆ ಮರುಪಾವತಿ ಮಾಡಿದರೆ ಮಾತ್ರ. ಹತ್ತಿಯ ಹಣ ಎರಡು ಸೇವೆಗಳ ನಡುವೆ ಎಲ್ಲೋ ನಿಂತು ಆ ಗಡುವು ದಾಟಿದರೆ, ತಂತ್ರಜ್ಞರ ಪುಸ್ತಕದಲ್ಲಿ ಅದು ಒಂದು ‘ತಡವಾದ ಸಂದೇಶ’. ಆ ಮನೆಯಲ್ಲಿ ಅದು ವರ್ಷದ ಬಡ್ಡಿ. ಆ ಹಣ ನಮ್ಮ ಅಂಗಡಿಯ ತಂತ್ರಾಂಶದಿಂದಲೇ ಹೊರಡುವುದಾದ್ದರಿಂದ, ‘ಸರ್ವರ್ ಇಲ್ಲ’ ಎಂದು ಹೇಳಿ ಕೈತೊಳೆದುಕೊಳ್ಳುವ ಹಕ್ಕು ನಮಗಿಲ್ಲ.

ಸರ್ಕಾರದ ಕೊಂಡಿಗಳನ್ನು ನಾವು ಬದಲಾಯಿಸಲಾರೆವು. ನಮ್ಮ ಕೊಂಡಿ ಅವುಗಳೊಂದಿಗೆ ಕೂಡುವ ಜಾಗ ಮಾತ್ರ ನಮ್ಮ ಕೈಯಲ್ಲಿದೆ. ಮುಂದಿನ ಸುಗ್ಗಿಗೆ ಮೊದಲು ಪ್ರತಿಯೊಬ್ಬ ಸದಸ್ಯರೂ ತಮ್ಮ ತಂತ್ರಾಂಶದವರನ್ನು ಕರೆದು ಮೇಲಿನ ಎರಡನೆಯ ಪ್ರಶ್ನೆಯನ್ನಾದರೂ ಕೇಳಿ, ಎದುರಿಗೇ ಪರೀಕ್ಷೆ ಮಾಡಿಸಿ ನೋಡಬೇಕೆಂದು ವಿನಂತಿ.